ನೆಲ ಮುಟ್ಟದವನ ಪುಸ್ತಕ

1969ರ ಜುಲೈಯಿಂದ 1972ರ ಡಿಸೆಂಬರಿನವರೆಗೆ ಹನ್ನೆರಡು ಜನ ಚಂದ್ರನ ನೆಲದ ಮೇಲೆ ನಡೆದರು. ಅವರಲ್ಲಿ ಹಲವರು ಪುಸ್ತಕಗಳನ್ನು ಬರೆದಿದ್ದಾರೆ, ಇಲ್ಲವೆ ಬರೆಸಿದ್ದಾರೆ. ಆದರೆ ಚಂದ್ರಯಾತ್ರೆಯನ್ನು ಕುರಿತು ನಾನು ಓದಿದವುಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ, ಆ ನೆಲವನ್ನು ಮುಟ್ಟದೆ ಹಿಂದಿರುಗಿದ ಒಬ್ಬನ ಪುಸ್ತಕವನ್ನೇ ತೋರಿಸುತ್ತೇನೆ. ಅಪೋಲೋ 11ರ ಮೂರನೆಯವನಾದ ಮೈಕೇಲ್ ಕಾಲಿನ್ಸನ ‘ಕ್ಯಾರಿಯಿಂಗ್ ದಿ ಫೈರ್’ ಹೊರಬಂದದ್ದು 1974ರಲ್ಲಿ. ಗ್ರಂಥಕರ್ತ 2021ರ ಏಪ್ರಿಲಿನಲ್ಲಿ ತೀರಿಕೊಂಡ. ಪುಸ್ತಕಕ್ಕೆ ಮಾತ್ರ ಮುಪ್ಪು ಬಂದಂತಿಲ್ಲ.

ಇದು ಹೇಗೆ ಒಳ್ಳೆಯ ಪುಸ್ತಕವಾಯಿತು ಎಂಬುದನ್ನು ತಿಳಿಯಬೇಕಾದರೆ, ಅದರ ಅಕ್ಕಪಕ್ಕದ ಪುಸ್ತಕಗಳನ್ನು ಒಮ್ಮೆ ನೋಡಬೇಕು. ಅಮೆರಿಕದ ಗಗನಯಾತ್ರಿಗಳ ಮಾತು ಮೊದಲಿನಿಂದಲೂ ಪರರ ಕೈಗೆ ಹೋಗಿತ್ತು. 1959ರಲ್ಲಿ ಮೊದಲ ಏಳು ಜನ ಆಯ್ಕೆಯಾದಾಗಲೇ ‘ಲೈಫ್’ ಪತ್ರಿಕೆ ಅವರ ಸ್ವಂತ ಕಥೆಗಳನ್ನು ಹಣ ಕೊಟ್ಟು ಕಾದಿರಿಸಿಕೊಂಡಿತು. ಅಪೋಲೋ 11ರ ಮೂವರ ಹೆಸರಿನಲ್ಲಿ 1970ರಲ್ಲಿ ಬಂದ ‘ಫಸ್ಟ್ ಆನ್ ದಿ ಮೂನ್’ ಕೂಡ ಪತ್ರಿಕಾಕರ್ತರು ಹೆಣೆದು ಕೊಟ್ಟದ್ದೇ. ಎಲ್ಲ ಇದೆ, ಎಲ್ಲವೂ ಒಪ್ಪವಾಗಿದೆ. ಮಾತನಾಡುತ್ತಿರುವವರು ಯಾರು ಎಂಬುದೊಂದೇ ಗೊತ್ತಾಗುವುದಿಲ್ಲ.

ಇನ್ನೊಂದು ತುದಿಯಲ್ಲಿ ಕಾದಂಬರಿಕಾರ ನಾರ್ಮನ್ ಮೇಲರ್ ನಿಂತಿದ್ದಾನೆ. ಅದೇ ಯಾತ್ರೆಯನ್ನು ಕುರಿತು ಅವನು ‘ಆಫ್ ಎ ಫೈರ್ ಆನ್ ದಿ ಮೂನ್’ ಎಂಬ ದಪ್ಪ ಗ್ರಂಥವನ್ನು ಬರೆದ. ಅದರಲ್ಲಿ ತನಗೆ ತಾನೇ ‘ಅಕ್ವೇರಿಯಸ್’ ಎಂದು ಹೆಸರಿಟ್ಟುಕೊಂಡು—ನಮ್ಮ ಲೆಕ್ಕದಲ್ಲಿ ಕುಂಭರಾಶಿಯವನು!—363 ಅಡಿ ಎತ್ತರದ ಸ್ಯಾಟರ್ನ್ ರಾಕೆಟ್ಟಿನ ಎದುರಿಗೆ ತನ್ನ ಅಹಂಕಾರವನ್ನು ನಿಲ್ಲಿಸಿ ಎತ್ತರ ಅಳೆಯುತ್ತಾನೆ. ಗಗನಯಾತ್ರಿಗಳ ಮಾತು ಒಣಕಲು, ಯಂತ್ರದ ಮಾತು ಎಂದು ಅವನಿಗೆ ಬೇಸರ. ರೋಗವನ್ನು ಅವನು ಸರಿಯಾಗಿಯೇ ಗುರುತಿಸಿದ್ದಾನೆ. ಆದರೆ ಒಣ ಮಾತಿಗೆ ಮದ್ದು ಮಾತಿನ ಹೊಳೆಯೇ ಎಂದು ಅವನು ನಂಬಿದಂತಿದೆ. ರಾಕೆಟ್ಟು ಮೇಲಕ್ಕೇಳುವ ಪುಟಗಳು ನಿಜವಾಗಿಯೂ ದೊಡ್ಡ ಬರೆವಣಿಗೆ, ಒಪ್ಪುತ್ತೇನೆ. ಉಳಿದ ಕಡೆ ಅನೇಕ ಸಲ ಚಂದ್ರನಿಗೆ ಅಡ್ಡಲಾಗಿ ಮೇಲರ್ ನಿಂತುಬಿಡುತ್ತಾನೆ.

ಕಾಲಿನ್ಸ್ ಯಾರ ನೆರವನ್ನೂ ಪಡೆಯದೆ ತಾನೇ ಕುಳಿತು ಬರೆದ. ಮೇಲರನ ದೂರು ಅವನಿಗೂ ಗೊತ್ತು, ಒಳಗಿನಿಂದ ಗೊತ್ತು. 1968ರ ಡಿಸೆಂಬರಿನಲ್ಲಿ ಅಪೋಲೋ 8 ಹೊರಟಾಗ ಅವನು ಹ್ಯೂಸ್ಟನ್ನಿನ ನಿಯಂತ್ರಣ ಕೊಠಡಿಯಲ್ಲಿ ಯಾತ್ರಿಗಳೊಡನೆ ಮಾತನಾಡುವ ಸರದಿಯಲ್ಲಿದ್ದ. ಆ ನೌಕೆಯಲ್ಲಿ ಅವನೇ ಇರಬೇಕಾಗಿತ್ತು. ಕತ್ತಿನ ಮೂಳೆಯ ಶಸ್ತ್ರಚಿಕಿತ್ಸೆಯಾದುದರಿಂದ ಆ ಜಾಗ ಜಿಮ್ ಲವೆಲ್‌ಗೆ ಹೋಯಿತು. ಭೂಮಿಯ ಸುತ್ತ ತಿರುಗುತ್ತಿದ್ದ ಮೂವರು ಗಂಟೆಗೆ 38 ಸಾವಿರ ಕಿಲೋಮೀಟರಿಗೂ ಮಿಕ್ಕಿದ ವೇಗದಿಂದ ಚಂದ್ರನ ಕಡೆಗೆ ಹೊರಡಬೇಕು. ಮನುಷ್ಯ ಹುಟ್ಟಿದ ಮೇಲೆ ಭೂಮಿಯನ್ನು ಬಿಟ್ಟು ಹೊರಡುತ್ತಿರುವುದು ಇದೇ ಮೊದಲು. ಅಪ್ಪಣೆ ಕೊಡಬೇಕಾದವನು ಕಾಲಿನ್ಸ್. ಅವನು ಕೊಟ್ಟದ್ದು ಒಂದು ‘ಗೋ’ ಮತ್ತು ಮೂರು ಇಂಗ್ಲಿಷ್ ಅಕ್ಷರಗಳ ಒಂದು ಸಂಕೇತ. ಅಷ್ಟೇ. ಇಷ್ಟು ದೊಡ್ಡ ಗಳಿಗೆಗೆ ಇಷ್ಟೇ ಮಾತು ಸಿಕ್ಕಿತೇ ಎಂದು ಪುಸ್ತಕದಲ್ಲಿ ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಹೊರಡುವವರಿಗೆ ‘ಹೋಗಿ’ ಎಂದು ಬರಿದೇ ಹೇಳದೆ ‘ಹೋಗಿ ಬನ್ನಿ’ ಎನ್ನುವ ನಮಗೆ ಅವನ ಕಸಿವಿಸಿ ಚೆನ್ನಾಗಿಯೇ ಅರ್ಥವಾಗುತ್ತದೆ. ಹಾಗೆಂದು ಅವನು ಆ ಗಳಿಗೆಗೆ ಈಗೊಂದು ಭಾಷಣವನ್ನು ಕಟ್ಟಿ ಅಂಟಿಸುವುದಿಲ್ಲ. ಆಡದೆ ಉಳಿದದ್ದನ್ನು ಆಡಿದಂತೆ ತೋರಿಸಲು ಅವನಿಗೆ ಮನಸ್ಸಿಲ್ಲ. ನನಗೆ ಈ ಪುಸ್ತಕದ ಮೇಲೆ ನಂಬಿಕೆ ಹುಟ್ಟಿದ್ದು ಇಲ್ಲಿ.

ಅವನ ಗದ್ಯ ಕೆಲಸಗಾರನ ಗದ್ಯ. ಹೆಸರಿಗೆ ಅವನು ಕೊಡುವ ವಿವರಣೆಯೂ ಅಂಥದೇ: ಬೆಂಕಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಬೇಕಾದರೆ ಎಚ್ಚರ ಬೇಕು, ಸಿದ್ಧತೆ ಬೇಕು, ಅಪಾಯವನ್ನು ಒಪ್ಪಿಕೊಂಡಿರಬೇಕು. ಗ್ರೀಕರ ಅಪೋಲೋ ದೇವತೆಯನ್ನು ಒಂದು ಮಾತಿನಲ್ಲಿ ನೆನೆದು ಮುಂದೆ ಸಾಗುತ್ತಾನೆ. ಈ ಬೆಂಕಿ ಬರಿಯ ಅಲಂಕಾರವಲ್ಲ. 1967ರ ಜನವರಿ 27ರಂದು ಕೇಪ್ ಕೆನಡಿಯಲ್ಲಿ, ಹಾರುವ ಮೊದಲು ನೆಲದ ಮೇಲೆ ನಡೆದ ಪರೀಕ್ಷೆಯಲ್ಲಿ, ಶುದ್ಧ ಆಮ್ಲಜನಕ ತುಂಬಿದ್ದ ಕೋಣೆಗೆ ಕಿಡಿ ಹೊತ್ತಿ ಗ್ರಿಸಮ್, ವೈಟ್, ಚಾಫಿ ಮೂವರೂ ಸತ್ತರು. ಬಾಗಿಲು ಒಳಮುಖವಾಗಿ ತೆರೆಯುವಂಥದು. ಒಳಗಿನ ಒತ್ತಡದಲ್ಲಿ ಅದನ್ನು ಎಳೆಯುವುದು ಸಾಧ್ಯವಿರಲಿಲ್ಲ. ಚಾಫಿಯ ಹೆಂಡತಿಗೆ ಸುದ್ದಿ ತಿಳಿಸುವ ಕೆಲಸ ಕಾಲಿನ್ಸನ ಪಾಲಿಗೆ ಬಂತು. ಆ ಭಾಗವನ್ನು ಅವನು ಬಹಳ ಚಿಕ್ಕದಾಗಿ ಬರೆದಿದ್ದಾನೆ. ಕಣ್ಣೀರನ್ನು ಎಲ್ಲಿಂದಲೂ ತರಿಸಿಲ್ಲ. ಓದಿದ ಮೇಲೆ ಪುಸ್ತಕವನ್ನು ಸ್ವಲ್ಪ ಹೊತ್ತು ಕೆಳಗಿಟ್ಟೆ.

ಲೋಕಕ್ಕೆ ಅವನ ವಿಷಯದಲ್ಲಿ ಇರುವುದೊಂದು ಕನಿಕರ. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಕೆಳಗೆ ನಡೆದಾಡುತ್ತಿದ್ದಾಗ ಮೇಲೆ ಒಬ್ಬನೇ ಸುತ್ತುತ್ತಿದ್ದವನು, ಪ್ರತಿ ಸುತ್ತಿನಲ್ಲೂ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಚಂದ್ರನ ಮರೆಯಲ್ಲಿ ಯಾರ ದನಿಯೂ ಇಲ್ಲದೆ ಇದ್ದವನು—ಪಾಪ, ಎಂಥ ಏಕಾಂತ! ಪತ್ರಿಕೆಗಳು ಹೀಗೆ ಬರೆದವು, ಇಂದಿಗೂ ಬರೆಯುತ್ತಿವೆ. ಕಾಲಿನ್ಸ್ ಇದನ್ನು ಒಪ್ಪುವುದಿಲ್ಲ. ರೇಡಿಯೋ ನಿಂತಾಗ ಅವನಿಗಾದದ್ದು ಒಂದು ಬಗೆಯ ತೃಪ್ತಿ; ನೌಕೆ ತನ್ನದು, ಕಾಫಿ ಬಿಸಿಯಾಗಿದೆ. ಅವನ ನಿಜವಾದ ಭಯ ಬೇರೆ. ಈಗಲ್ ಮೇಲಕ್ಕೆ ಏಳದಿದ್ದರೆ? ಎದ್ದರೂ ತಪ್ಪು ಹಾದಿಗೆ ಬಿದ್ದರೆ? ಹಾಗಾದರೆ ಏನೇನು ಮಾಡಬೇಕೆಂದು ಹದಿನೆಂಟು ಬಗೆಯ ಲೆಕ್ಕಗಳನ್ನು ಬರೆದ ಟಿಪ್ಪಣಿ ಪುಸ್ತಕ ಅವನ ಬಳಿ ಇತ್ತು. ಹದಿನೆಂಟೂ ಕೆಲಸಕ್ಕೆ ಬಾರದೆ ಹೋದರೆ ಇಬ್ಬರನ್ನೂ ಬಿಟ್ಟು ಒಬ್ಬನೇ ಮನೆಗೆ ಬರಬೇಕು. ಬಂದ ಮೇಲೆ ಬದುಕಿರುವಷ್ಟು ದಿನವೂ ಜನ ತನ್ನನ್ನು ಬೆರಳು ಮಾಡಿ ತೋರಿಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಈ ಭಯವನ್ನು ತಿಂಗಳುಗಟ್ಟಲೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನಂತೆ. ಸುತ್ತು ಬಂದಾಗಲೆಲ್ಲ ದೂರದರ್ಶಕ ಯಂತ್ರದಲ್ಲಿ ಈಗಲನ್ನು ಹುಡುಕುತ್ತಾನೆ. ಇಲ್ಲಿರಬಹುದು, ಅಲ್ಲಿರಬಹುದು ಎಂದು ಹ್ಯೂಸ್ಟನ್ನಿನವರು ಗುರುತು ಕೊಡುತ್ತಾರೆ. ಕೊನೆಗೂ ಅದು ಅವನ ಕಣ್ಣಿಗೆ ಬೀಳಲಿಲ್ಲ. ಜಗತ್ತಿನಲ್ಲಿ ದೂರದರ್ಶನವಿದ್ದವರೆಲ್ಲ ಕಂಡದ್ದನ್ನು ಅದರ ಮೇಲೆಯೇ ಹಾದುಹೋದವನು ಕಾಣಲಿಲ್ಲ! ಈ ಪುಟಗಳು ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದವು.

ಮುಂದೊಂದು ಯಾತ್ರೆಯಲ್ಲಿ ತಾನೇ ನಾಯಕನಾಗಿ ಚಂದ್ರನ ಮೇಲೆ ನಡೆಯುವ ಹಾದಿಯೂ ಅವನಿಗೆ ತೆರೆದಿತ್ತು. ಈ ಯಾತ್ರೆ ಸಫಲವಾದರೆ ತನಗೆ ಇಷ್ಟು ಸಾಕು ಎಂದು ಹೊರಡುವ ಮುಂಚೆಯೇ ಹೇಳಿಬಿಟ್ಟಿದ್ದ. ಕನಿಕರಪಡುವವರು ಈ ಸಂಗತಿಯನ್ನು ಮರೆಯುತ್ತಾರೆ.

ಹಾಗೆಯೇ ಮೇಲೆ ಉಳಿದ ಇನ್ನೊಬ್ಬ, ಅಪೋಲೋ 15ರ ಆಲ್‌ಫ್ರೆಡ್ ವರ್ಡನ್, 1974ರಲ್ಲಿಯೇ ಒಂದು ಕವನಸಂಗ್ರಹವನ್ನು ಪ್ರಕಟಿಸಿದ. ನೆಲದಲ್ಲಿ ಇಳಿದವರಿಗೆ ಗಳಿಗೆ ಗಳಿಗೆಗೂ ಕೆಲಸ: ಕಲ್ಲು ಆಯಬೇಕು, ಬಾವುಟ ನೆಡಬೇಕು, ಉಪಕರಣಗಳನ್ನು ಹೂಡಬೇಕು. ಅಪೋಲೋ 11ರವರಿಗೆ ಹೊರಗೆ ಸಿಕ್ಕಿದ್ದೇ ಎರಡೂವರೆ ಗಂಟೆ. ಮೇಲಿದ್ದವರಿಗೆ ನೋಡುವುದಕ್ಕೆ ಪುರಸತ್ತಾದರೂ ಇತ್ತು. ಇಷ್ಟರಿಂದಲೇ ಸಾಹಿತ್ಯ ಹುಟ್ಟುತ್ತದೆಂದು ನಾನು ಹೇಳಲಾರೆ.

ಕಾಲಿನ್ಸನ ಪುಸ್ತಕದಲ್ಲಿ ಕೊರತೆಗಳಿಲ್ಲದಿಲ್ಲ. ಯಂತ್ರಗಳ ಸಂಕ್ಷಿಪ್ತನಾಮಗಳು ಒಂದರ ಮೇಲೊಂದು ಬಂದು ಕೆಲವು ಪುಟಗಳು ರೈಲ್ವೆ ವೇಳಾಪಟ್ಟಿಯಂತೆ ಕಾಣುತ್ತವೆ. ಹಾಸ್ಯ ಒಮ್ಮೊಮ್ಮೆ ಅಧಿಕಾರಿಗಳ ಕ್ಲಬ್ಬಿನ ಹಾಸ್ಯ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ನೌಕೆಯ ಕಿಟಕಿಯಿಂದ ಕಾಣದ್ದು ಅವನ ಬರೆವಣಿಗೆಯಲ್ಲಿಯೂ ಕಾಣುವುದು ಕಡಮೆ. ಸ್ಯಾಟರ್ನನ್ನು ಕಟ್ಟಿಸಿದ ಫಾನ್ ಬ್ರೌನ್ ಅದಕ್ಕೆ ಮೊದಲು ಹಿಟ್ಲರನಿಗಾಗಿ ರೂಪಿಸಿದ ವಿ-2 ಅಸ್ತ್ರಗಳನ್ನು ಮಿಟ್ಟೆಲ್‌ಬೌ-ಡೋರಾದ ಸೆರೆಯಾಳುಗಳ ಕೈಯಲ್ಲಿ ಮಾಡಿಸಲಾಯಿತು. ಅಲ್ಲಿ ಸಾವಿರಾರು ಜನ ಸತ್ತರು. ಅಪೋಲೋ 11 ಹೊರಡುವ ಹಿಂದಿನ ದಿನ ರಾಲ್ಫ್ ಅಬರ್‌ನಾಥಿ ಬಡ ಕುಟುಂಬಗಳನ್ನೂ ಹೇಸರಗತ್ತೆಯ ಗಾಡಿಗಳನ್ನೂ ಕರೆದುಕೊಂಡು ಕೇಪಿಗೆ ಬಂದು, ಹಸಿದವರ ಲೆಕ್ಕವನ್ನು ಮುಂದಿಟ್ಟ. ಇವನ್ನೆಲ್ಲ ತಿಳಿಯಬೇಕೆನ್ನುವವರು ಬೇರೆ ಪುಸ್ತಕಗಳನ್ನು ಹುಡುಕಬೇಕು. ಮೇಲರ್ ಅಹಂಕಾರಿಯಾದರೂ ರಾಕೆಟ್ಟಿನ ಸುತ್ತಲಿನ ಅಮೆರಿಕವನ್ನು ನೋಡಹೊರಟವನು. ಆ ಮಟ್ಟಿಗೆ ಅವನಿಗೆ ಮನ್ನಣೆ ಸಲ್ಲಬೇಕು.

ವಿಮಾನ ಪರೀಕ್ಷಕರ ತರಬೇತಿಯನ್ನು ಹೇಳುವ ಮೊದಲ ಅಧ್ಯಾಯಗಳು ಭಾರವೆನಿಸುವ ವಾಚಕರು ಬೆಂಕಿಯ ದುರಂತದಿಂದ ಓದಲು ತೊಡಗಿ, ಯಾತ್ರೆಯನ್ನು ಮುಗಿಸಿ, ಆಮೇಲೆ ಹಿಂದಕ್ಕೆ ಬರಬಹುದು. ಎರಡನೆಯ ಓದಿನಲ್ಲಿ ನಾನು ಹಾಗೆಯೇ ಮಾಡಿದೆ. ಆ ತರಬೇತಿಯ ಪುಟಗಳು ಆಗ ಅಷ್ಟು ಉದ್ದವೆನಿಸಲಿಲ್ಲ.