ಸೋಜರ್ನರ್ ಟ್ರೂತ್: ಜೀವಂತ ಇತಿಹಾಸ ಪ್ರದರ್ಶನದಲ್ಲಿ ಧ್ವನಿಯ ಪ್ರಶ್ನೆ

ಚರಿತ್ರೆಯ ವ್ಯಕ್ತಿಯೊಬ್ಬರ ವೇಷ ತೊಟ್ಟು, ಅವರೇ ಆಗಿ ಉತ್ತಮ ಪುರುಷದಲ್ಲಿ ಮಾತನಾಡುವ 'ಜೀವಂತ ಇತಿಹಾಸ' ಪ್ರದರ್ಶನಗಳು ಅಮೆರಿಕದ ಗ್ರಂಥಾಲಯ, ಶಾಲೆ, ವಸ್ತುಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿವೆ. ಮೇಲ್ನೋಟಕ್ಕೆ ಇವು ಏಕಪಾತ್ರಾಭಿನಯವನ್ನು ಹೋಲುತ್ತವೆ. ಆದರೆ 1970ರ ದಶಕದಲ್ಲಿ ಪುನರುಜ್ಜೀವನಗೊಂಡ ಷಟಾಕ್ವಾ ಪರಂಪರೆಯ ಪ್ರದರ್ಶನಕ್ಕೆ ಮೂರು ಹಂತಗಳುಂಟು: ಪಾತ್ರದ ಭಾಷಣ, ಪಾತ್ರವಾಗಿಯೇ ಸಭಿಕರ ಪ್ರಶ್ನೆಗಳಿಗೆ ಉತ್ತರ, ಕೊನೆಗೆ ಪಾತ್ರವನ್ನು ಕಳಚಿ ಸಂಶೋಧಕರಾಗಿ ನೀಡುವ ಉತ್ತರ. ಈ ಮೂರನೆಯ ಹಂತವೇ ಪ್ರಕಾರದ ನೈತಿಕ ಆಧಾರವೆಂಬುದು ಪ್ರಸ್ತುತ ಲೇಖನದ ನಿಲುವು. ಸೋಜರ್ನರ್ ಟ್ರೂತ್ (ಸು. 1797-1883) ಅವರ ಪಾತ್ರ ಇದಕ್ಕೆ ಉತ್ತಮ ನಿದರ್ಶನ.

ನ್ಯೂಯಾರ್ಕ್ ಸಂಸ್ಥಾನದ ಅಲ್‌ಸ್ಟರ್ ಕೌಂಟಿಯಲ್ಲಿ ಗುಲಾಮಳಾಗಿ ಹುಟ್ಟಿದ ಈಕೆಯ ಮೊದಲ ಭಾಷೆ ಡಚ್. 1826ರಲ್ಲಿ ಹಸುಗೂಸಿನೊಡನೆ ಒಡೆಯನ ಮನೆ ತೊರೆದಳು. ಅಕ್ರಮವಾಗಿ ಮಾರಾಟವಾಗಿದ್ದ ಮಗನನ್ನು ನ್ಯಾಯಾಲಯದ ಮೂಲಕ ಮರಳಿ ಪಡೆದಳು. ಓದುಬರಹ ಅರಿಯದ ಕಾರಣ ಆಕೆಯ ಮಾತುಗಳೆಲ್ಲ ಅನ್ಯರ ಲೇಖನಿಯಿಂದಲೇ ನಮಗೆ ದೊರೆತಿವೆ.

1851ರ ಮೇ ತಿಂಗಳಲ್ಲಿ ಓಹಾಯೊದ ಆ್ಯಕ್ರನ್ ಮಹಿಳಾ ಹಕ್ಕುಗಳ ಸಮ್ಮೇಳನದಲ್ಲಿ ಆಕೆ ಮಾಡಿದ ಭಾಷಣಕ್ಕೆ ಎರಡು ಪ್ರಮುಖ ಪಾಠಗಳಿವೆ. ಮಾರಿಯಸ್ ರಾಬಿನ್ಸನ್ ಅವರ ವರದಿ ಮರುತಿಂಗಳೇ ಪ್ರಕಟವಾಯಿತು. ಸಮ್ಮೇಳನದ ಅಧ್ಯಕ್ಷೆಯಾಗಿದ್ದ ಫ್ರಾನ್ಸೆಸ್ ಗೇಜ್ ಅವರ ಪಾಠ ಹೊರಬಂದದ್ದು 1863ರಲ್ಲಿ, ಅಂತರ್ಯುದ್ಧದ ನಡುವೆ. ತಾನೂ ಹೆಣ್ಣಲ್ಲವೇ ಎಂಬ ಅರ್ಥದ ಪಲ್ಲವಿ ಗೇಜ್ ಪಾಠದಲ್ಲಿದೆ, ರಾಬಿನ್ಸನ್ ಪಾಠದಲ್ಲಿಲ್ಲ. ಐದು ಮಕ್ಕಳ ತಾಯಿಯ ಬಾಯಲ್ಲಿ ಗೇಜ್ ಹದಿಮೂರು ಮಕ್ಕಳ ಮಾತನ್ನು ಆಡಿಸುತ್ತಾರೆ. ಡಚ್ ಮಾತೃಭಾಷೆಯವಳಿಗೆ ದಕ್ಷಿಣದ ತೋಟಗಳ ಆಡುನುಡಿಯನ್ನು ತೊಡಿಸುತ್ತಾರೆ. ನೆಲ್ ಇರ್ವಿನ್ ಪೇಂಟರ್ ಅವರ 1996ರ ಜೀವನಚರಿತ್ರೆ, ಟ್ರೂತ್ ಎಂಬ ವ್ಯಕ್ತಿಗೂ ಟ್ರೂತ್ ಎಂಬ ಪ್ರತೀಕಕ್ಕೂ ಇರುವ ಅಂತರವನ್ನು ವಿಶದಪಡಿಸಿದೆ.

ಹೀಗಿರುವಾಗ ರಂಗದಲ್ಲಿ ನಿಂತ ಕಲಾವಿದೆ ಯಾವ ಪಾಠವನ್ನು ನುಡಿಯಬೇಕು? ಸಭಿಕರು ನಿರೀಕ್ಷಿಸುವುದು ಪಲ್ಲವಿಯನ್ನೇ. ಅದನ್ನು ಕೈಬಿಟ್ಟರೆ ಸ್ತ್ರೀವಾದಿ ಚಿಂತನೆಯ ಹಲವು ತಲೆಮಾರುಗಳಿಗೆ ಬಲವಿತ್ತ ಮಾತನ್ನು ಬಿಟ್ಟಂತೆ. ಉಳಿಸಿಕೊಂಡರೆ, ಬಿಳಿಯ ಮಹಿಳೆಯೊಬ್ಬರು ಕಲ್ಪಿಸಿದ ಕಪ್ಪು ನುಡಿಯನ್ನು ಆಕೆಯದೆಂದು ಸ್ಥಾಪಿಸಿದಂತೆ. ರಾಬಿನ್ಸನ್ ಪಾಠವೇ ಶುದ್ಧವೆನ್ನುವುದೂ ಸರಳ ಪರಿಹಾರ; ಅದು ಕಾಲದಲ್ಲಿ ಸಮೀಪದ್ದು ನಿಜ, ಆದರೆ ಅದೂ ವರದಿಗಾರನ ಗದ್ಯವೇ.

ಇಲ್ಲಿ ಇನ್ನೊಂದು ಆಕರವನ್ನು ಗಮನಿಸಬೇಕು. 1860ರ ದಶಕದಲ್ಲಿ ಟ್ರೂತ್ ತನ್ನ ಭಾವಚಿತ್ರಗಳನ್ನು ಮಾರಿ ಜೀವನೋಪಾಯ ಕಂಡುಕೊಂಡಳು. ಕನ್ನಡಕ, ಶಾಲು, ಕೈಯಲ್ಲಿ ಹೆಣಿಗೆಯ ನೂಲು: ಆಕೆ ಲೋಕಕ್ಕೆ ತೋರಬಯಸಿದ್ದು ಗಾಂಭೀರ್ಯದ ಗೃಹಸ್ಥ ರೂಪವನ್ನು. ಅಕ್ಷರದ ಮೇಲೆ ಇಲ್ಲದ ಹಿಡಿತವನ್ನು ಆಕೆ ಬಿಂಬದ ಮೇಲೆ ಸಾಧಿಸಿದ್ದಳು. ಆದುದರಿಂದ ವೇಷ ಮತ್ತು ನಿಲುವಿಗೆ ಈ ಚಿತ್ರಗಳೇ ಪ್ರಮಾಣವಾಗಬೇಕು. ಗೇಜ್ ಪಾಠದಿಂದ ಊಹಿಸಿದ ಗಡಸು ಹಾವಭಾವವಲ್ಲ.

ಗೇಜ್ ಪಾಠವನ್ನು ನಿಷೇಧಿಸಬೇಕಿಲ್ಲ. ಅದು ಯಾರ ರಚನೆ, ಯಾವ ಕಾಲದ್ದು ಎಂಬುದನ್ನು ಸಭೆಗೆ ತಿಳಿಸಬೇಕು. ಅದಕ್ಕೆ ಅವಕಾಶವಿರುವುದು ಪಾತ್ರ ಕಳಚುವ ಮೂರನೆಯ ಹಂತದಲ್ಲಿ. ಸಮಯದ ಅಭಾವದಿಂದ ಆ ಹಂತವನ್ನು ಮೊಟಕುಗೊಳಿಸುವ ಪ್ರದರ್ಶನ, ಎಷ್ಟೇ ಪರಿಣಾಮಕಾರಿಯಾಗಿದ್ದರೂ, ಜೀವನವಿಡೀ ಅನ್ಯರ ಲೇಖನಿಗೆ ಒಳಗಾದವಳನ್ನು ಮತ್ತೊಮ್ಮೆ ಅನ್ಯರ ಮಾತಿಗೆ ಒಪ್ಪಿಸುತ್ತದೆ.