ತೆಗೆದ ಫೋಟೋ, ತೆಗೆಸಿಕೊಂಡ ಫೋಟೋ

ಫೋಟೋ ವಿಷಯದಲ್ಲಿ ಕನ್ನಡಕ್ಕೆ ಎರಡು ಮಾತುಗಳಿವೆ. ಒಂದು ತೆಗೆಯುವುದು, ಇನ್ನೊಂದು ತೆಗೆಸಿಕೊಳ್ಳುವುದು. ತೆಗೆಯುವವರು ಕ್ಯಾಮೆರಾದ ಹಿಂದೆ ಇರುತ್ತಾರೆ, ತೆಗೆಸಿಕೊಳ್ಳುವವರು ಮುಂದೆ. ಮುಂದೆ ನಿಂತವರೂ ಏನೋ ಒಂದು ಕೆಲಸ ಮಾಡುತ್ತಿದ್ದಾರೆ ಎಂಬುದನ್ನು ನಮ್ಮ ಭಾಷೆ ಎಂದೋ ಒಪ್ಪಿಕೊಂಡುಬಿಟ್ಟಿದೆ. ಸೀರೆ ಆರಿಸಿ, ಜಡೆಗೆ ಹೂ ಮುಡಿದು, ಪಕ್ಕದ ಮನೆಯವರ ಸರ ಎರವಲು ತಂದು, ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವುದು ಕೆಲಸವಲ್ಲದೆ ಮತ್ತೇನು? ಆದರೆ ಸಮಾಜಮುಖಿ ಛಾಯಾಗ್ರಹಣ ಎಂಬ ದೊಡ್ಡ ಹೆಸರಿನಲ್ಲಿ ಪ್ರದರ್ಶನಗಳಿಗೆ ಬರುವ ಚಿತ್ರಗಳಲ್ಲಿ ಈ ಎರಡನೆಯ ಮಾತಿಗೆ ಎಡೆ ಸಿಗುವುದು ಬಹಳ ಅಪರೂಪ. ಬಡವರ ಫೋಟೋ, ಹೆಂಗಸರ ಫೋಟೋ, ಬುಡಕಟ್ಟಿನವರ ಫೋಟೋ ಬೇಕಾದಷ್ಟು ತೆಗೆದಿರುತ್ತಾರೆ. ಅವರು ತೆಗೆಸಿಕೊಂಡಿರುವುದಿಲ್ಲ.

ಗೌರಿ ಗಿಲ್ ಅವರ 'ಬಾಲಿಕಾ ಮೇಳ' (2012) ಎಂಬ ಪುಸ್ತಕದ ಮೇಲೆ ನನಗೆ ಇಷ್ಟೊಂದು ಪ್ರೀತಿ ಹುಟ್ಟಲು ಕಾರಣವೂ ಇದೇ. ಅದರಲ್ಲಿರುವುದೆಲ್ಲ ತೆಗೆಸಿಕೊಂಡ ಫೋಟೋಗಳು.

ರಾಜಸ್ಥಾನದ ಬಿಕಾನೇರ್ ಜಿಲ್ಲೆಯಲ್ಲಿ, ಥಾರ್ ಮರುಭೂಮಿಯ ನಡುವೆ ಲೂಣ್‌ಕರಣ್‌ಸರ್ ಎಂಬ ಊರಿದೆ. ಅಲ್ಲಿ 2003ರಲ್ಲಿ ಉರ್ಮೂಲ್ ಸೇತು ಸಂಸ್ಥಾನ ಎಂಬ ಸ್ವಯಂಸೇವಾ ಸಂಸ್ಥೆ ಹರೆಯದ ಹುಡುಗಿಯರಿಗಾಗಿಯೇ ಒಂದು ಜಾತ್ರೆ ಮಾಡಿತು. ಸುತ್ತಲ ಹಳ್ಳಿಗಳಿಂದ ಸುಮಾರು 1500 ಹುಡುಗಿಯರು ಬಂದರು. ಜಾತ್ರೆ ಎಂದಮೇಲೆ ತಿಂಡಿ ಅಂಗಡಿ, ಆಟ, ಗೊಂಬೆಯಾಟ ಎಲ್ಲ ಇರಬೇಕಲ್ಲ, ಇತ್ತು. ಫೋಟೋಗೆ ಸಂಬಂಧಪಟ್ಟಂತೆ ನೀವೂ ಏನಾದರೂ ಮಾಡಿ ಎಂದು ಗೌರಿಯವರನ್ನು ಕರೆದರು. ಅವರು ಮಾಡಿದ್ದು ನಮ್ಮ ಊರ ಜಾತ್ರೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ ಕೆಲಸ: ಒಂದು ಫೋಟೋ ಅಂಗಡಿ ಹಾಕಿದರು. ಊರಿನ ಸ್ಟುಡಿಯೋ, ಬಟ್ಟೆ ಅಂಗಡಿಗಳಿಂದ ಸಿಕ್ಕಷ್ಟು ಪರದೆ ಮತ್ತು ಒಂದಿಷ್ಟು ಸಾಮಾನು ತಂದು ಗುಡಾರದೊಳಗೆ ಜೋಡಿಸಿದರು. ಬೇಕಾದವರು ಬಂದು ನಿಲ್ಲಬಹುದು, ಆಮೇಲೆ ಬೇಕಾದರೆ ರಿಯಾಯಿತಿ ದರದಲ್ಲಿ ಪ್ರಿಂಟ್ ಕೊಳ್ಳಬಹುದು. ಮರುಭೂಮಿಯ ಗಾಳಿ ನಡುನಡುವೆ ಎಲ್ಲವನ್ನೂ ಹಾರಿಸಿ ಕೆಡವುತ್ತಿತ್ತಂತೆ. ಬೆಳಕು ಮಾತ್ರ ಗುಡಾರದ ಬಟ್ಟೆಯಿಂದ ಸೋಸಿ ಬಂದು ಎಲ್ಲರ ಮುಖದ ಮೇಲೂ ಒಂದೇ ಸಮನೆ ಬಿದ್ದಿದೆ.

ಯಾರ ಜೊತೆ, ಹೇಗೆ ನಿಲ್ಲಬೇಕು ಎಂದು ಹುಡುಗಿಯರೇ ತೀರ್ಮಾನಿಸಿದರು. ಗೆಳತಿಯರು ನಿಂತರು, ಅಕ್ಕತಂಗಿಯರು ನಿಂತರು, ಬೆನ್ನಿಗೆ ಬಿದ್ದು ಬಂದ ಪುಟ್ಟ ತಮ್ಮಂದಿರೂ ಸೇರಿಕೊಂಡರು. ಟೀಚರನ್ನು ಎಳೆತಂದವರೂ ಇದ್ದಾರೆ. ಕಪ್ಪು ಬಿಳುಪಿನ ಈ ಚಿತ್ರಗಳಲ್ಲಿ ನನ್ನನ್ನು ಮೊದಲು ಹಿಡಿದದ್ದು ಅವರು ನಿಲ್ಲುವ ರೀತಿ. ಹೆಚ್ಚಿನವರು ನಗುವುದಿಲ್ಲ. ನೆಟ್ಟಗೆ ನಿಂತು ನಮ್ಮನ್ನೇ ನೋಡುತ್ತಾರೆ. ನಮ್ಮ ಅಜ್ಜಿಯರ ಕಾಲದ ಫೋಟೋಗಳಲ್ಲೂ ಇಂಥ ಗಂಭೀರ ಮುಖಗಳಿವೆ, ಅದನ್ನು ನಾವು ಭಯ ಎಂದು ತಿಳಿದು ನಕ್ಕಿದ್ದೇವೆ. ಭಯವೂ ಇತ್ತೆನ್ನಿ, ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದ ಕಾಲ ಅದು. ಆದರೆ ಈ ಹುಡುಗಿಯರನ್ನು ನೋಡಿದ ಮೇಲೆ ನನಗೆ ಬೇರೆಯೇ ಅನ್ನಿಸುತ್ತಿದೆ. ಜೀವನದಲ್ಲಿ ಒಂದೋ ಎರಡೋ ಸಲ ಸಿಗುವ ಅವಕಾಶವನ್ನು ಯಾರು ತಾನೇ ಹಲ್ಲು ಕಿರಿದು ಕಳೆಯುತ್ತಾರೆ?

ಇನ್ನೊಂದು ಸಂಗತಿ ಇದೆ, ಇದನ್ನು ಹೆಂಗಸರು ಬೇಗ ಹಿಡಿಯುತ್ತಾರೆ. ಒಂದು ತಲೆಮಾರಿನ ಹಿಂದೆ ನಮ್ಮಂಥ ಊರುಗಳಲ್ಲಿ ಹೆಣ್ಣುಮಗಳು ಒಬ್ಬಳೇ ನಿಂತ ಮೊದಲ ಫೋಟೋ ಯಾವುದು ಎಂದು ಕೇಳಿ ನೋಡಿ. ಗಂಡಿನ ಕಡೆಯವರಿಗೆ ಕಳಿಸಲು ಅಪ್ಪ ತೆಗೆಸಿದ್ದು ಎನ್ನುವವರೇ ಹೆಚ್ಚು. ಗಮನಿಸಿದಿರಾ, ಇಲ್ಲಿ ಮೂರನೆಯ ಮಾತೊಂದು ಬಂತು: ತೆಗೆಸಿದ್ದು. ತೆಗೆದವನು ಸ್ಟುಡಿಯೋದವನು, ತೆಗೆಸಿದವನು ಅಪ್ಪ, ನೋಡುವವರು ಯಾರೋ. ನಿಂತವಳ ಪಾಲಿಗೆ ಕುತ್ತಿಗೆ ಓರೆ ಮಾಡುವುದಷ್ಟೇ ಉಳಿಯಿತು. ಸೋದರತ್ತೆಯ ಅಂಥ ಫೋಟೋ ಒಂದು ನಮ್ಮ ಮನೆಯಲ್ಲಿದೆ. ಎರಡು ಕಡೆಯಿಂದ ತಿರಸ್ಕೃತವಾಗಿ ವಾಪಸು ಬಂದ ಅದರ ಮೂಲೆಗಳು ಮಡಚಿಹೋಗಿವೆ. 'ಬಾಲಿಕಾ ಮೇಳ'ದ ಚಿತ್ರಗಳನ್ನು ಯಾವ ಗಂಡಿನ ಮನೆಗೂ ಕಳಿಸಬೇಕಾಗಿರಲಿಲ್ಲ. ಹುಡುಗಿ ತನಗಾಗಿ, ತನ್ನ ಗೆಳತಿಗಾಗಿ ನಿಂತ ಫೋಟೋ. ಇಷ್ಟು ಸಣ್ಣ ಸ್ವಾತಂತ್ರ್ಯ ಎಷ್ಟು ದೊಡ್ಡದು ಎಂದು ಹೇಳಲು ಕಲಾ ವಿಮರ್ಶಕರು ಬೇಕಿಲ್ಲ.

ಇದಕ್ಕೆ ಎದುರಾಗಿ ಜಗತ್ತಿನ ಅತಿ ಪ್ರಸಿದ್ಧ ಸಮಾಜಮುಖಿ ಚಿತ್ರವೊಂದನ್ನು ಇಟ್ಟು ನೋಡೋಣ. ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತವಾದ ಕಾಲ. 1936ರಲ್ಲಿ ಡೊರೊತಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ಬಟಾಣಿ ಬಿಡಿಸುವ ಕೂಲಿಗಳ ಬಿಡಾರಕ್ಕೆ ಹೋದರು. ಅವರನ್ನು ನೇಮಿಸಿದ್ದು ಅಲ್ಲಿನ ಸರ್ಕಾರ. ಡೇರೆಯೊಂದರಲ್ಲಿ ಮಕ್ಕಳನ್ನು ತಬ್ಬಿ ಕೂತ 32 ವರ್ಷದ ತಾಯಿಯ ಕೆಲವು ಚಿತ್ರ ತೆಗೆದರು, ಹೆಸರು ಕೇಳಲಿಲ್ಲ. 'ವಲಸೆ ತಾಯಿ' ಎಂದು ಲೋಕವೆಲ್ಲ ಹೆಸರಾದ ಚಿತ್ರ ಅದು. ಪತ್ರಿಕೆಯಲ್ಲಿ ಬಂದಾಗ ಸರ್ಕಾರ ಆ ಬಿಡಾರಕ್ಕೆ ಆಹಾರ ಕಳಿಸಿತು. ಅಷ್ಟರಲ್ಲಿ ಆ ಕುಟುಂಬ ಕೂಲಿ ಹುಡುಕಿಕೊಂಡು ಮುಂದೆ ಹೋಗಿಯಾಗಿತ್ತು. ಆ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ. ಬಿಳಿಯ ರೈತರ ಕಷ್ಟಕ್ಕೆ ಮುಖವೆಂದು ಎಲ್ಲರೂ ಕಣ್ಣೀರಿಟ್ಟ ಆಕೆ ಚೆರೊಕೀ ಮೂಲನಿವಾಸಿಗಳ ಮನೆಮಗಳು. ಆ ಫೋಟೋದಿಂದ ತನಗೆ ಬಿಡಿಗಾಸೂ ಬರಲಿಲ್ಲ ಎಂಬ ಕಹಿ ಆಕೆಗಿತ್ತು.

ಲ್ಯಾಂಗ್ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಚಿತ್ರ ಅದ್ಭುತವಾಗಿದೆ, ಅದರಿಂದ ಹಸಿದವರಿಗೆ ಅನ್ನವೂ ಸಿಕ್ಕಿತು. ನನ್ನ ತಕರಾರು ಬೇರೆ. ಆ ತಾಯಿ ಗಲ್ಲಕ್ಕೆ ಕೈಕೊಟ್ಟು ಎತ್ತಲೋ ನೋಡುತ್ತಾಳೆ, ನಾವು ಅವಳನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಮರುಕಪಡಬಹುದು. ನಮಗೆ ಅಡ್ಡಿಯಿಲ್ಲ. ಲೂಣ್‌ಕರಣ್‌ಸರ್‌ನ ಹುಡುಗಿಯರ ಮುಂದೆ ಈ ಸೌಲಭ್ಯವಿಲ್ಲ, ಅವರು ತಿರುಗಿ ನೋಡುತ್ತಿರುತ್ತಾರೆ. ಪ್ರತಿ ಚಿತ್ರಕ್ಕೂ ಶೀರ್ಷಿಕೆಯಾಗಿ ಆ ಹುಡುಗಿಯರ ಹೆಸರೇ ಇದೆ. ಸಿನಿಮಾ ತಾರೆಯರ ಫೋಟೋ ಕೆಳಗೆ ಹೆಸರು ಹಾಕುವಂತೆ!

ನಮ್ಮ ದಿನಪತ್ರಿಕೆಗಳ ಮೂರನೆಯ ಪುಟ ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಹೊಲಿಗೆ ಯಂತ್ರ ವಿತರಣೆಯ ಫೋಟೋದಲ್ಲಿ ಯಂತ್ರವೊಂದು, ಹೆಂಗಸೊಬ್ಬಳು, ಗಣ್ಯರು ಹನ್ನೆರಡು ಜನ. ಹನ್ನೆರಡೂ ಹೆಸರು ಕೆಳಗೆ ಅಚ್ಚಾಗಿರುತ್ತವೆ. ಹೆಂಗಸಿನ ಹೆಸರು 'ಫಲಾನುಭವಿ'.

ವೈವಿಧ್ಯದ ಹೆಸರಿನಲ್ಲಿ ನಡೆದದ್ದೂ ಇದೇ, ಅದಕ್ಕೆ ಹಳೆಯ ಚರಿತ್ರೆಯಿದೆ. ಬ್ರಿಟಿಷರು 1868ರಿಂದ 1875ರ ತನಕ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಹೊರತಂದರು. ಅದರಲ್ಲಿ 450ಕ್ಕೂ ಹೆಚ್ಚು ಫೋಟೋಗಳು. ಇಂತಹ ಜಾತಿಯವ, ಇಂತಹ ಬುಡಕಟ್ಟಿನವಳು, ಇವರ ಗುಣ ಇಂಥದು ಎಂದು ವಿವರಣೆ. 1857ರ ದಂಗೆಯ ಪೆಟ್ಟು ತಿಂದವರಿಗೆ ಯಾರು ನಂಬಿಗಸ್ಥರು, ಯಾರು ಅಲ್ಲ ಎಂಬ ಪಟ್ಟಿ ಬೇಕಿತ್ತು. ಭಾರತದ ವೈವಿಧ್ಯವೇನೋ ಅಲ್ಲಿ ತುಂಬಿ ತುಳುಕುತ್ತಿದೆ, ಸೀಸೆಯೊಳಗೆ ಅದ್ದಿಟ್ಟ ಉಪ್ಪಿನಕಾಯಿಯ ಹಾಗೆ ಒಂದೊಂದಕ್ಕೂ ಒಂದೊಂದು ಚೀಟಿ.

ಆ ಚೀಟಿಗಳನ್ನು ಕಿತ್ತು ತನ್ನ ಹಣೆಗೇ ಅಂಟಿಸಿಕೊಂಡು ನಕ್ಕವರು ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪಕಲೆ ಕಲಿತ ಅವರು ತೊಂಬತ್ತರ ದಶಕದ ನಡುವಿನಲ್ಲಿ ಫೋಟೋದ ಕಡೆ ಹೊರಳಿದರು. 2000ದಿಂದ 2004ರ ತನಕ, ಬೆಂಗಳೂರಿನಲ್ಲೇ ಇರುವ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ದಕ್ಷಿಣ ಭಾರತದ 'ನೇಟಿವ್' ಹೆಂಗಸರ ರೀತಿನೀತಿಗಳು ಎಂಬ ಅರ್ಥದ ಹೆಸರಿಟ್ಟು ಒಂದು ಚಿತ್ರಮಾಲೆ ಮಾಡಿದರು. ರವಿವರ್ಮನ ಲಕ್ಷ್ಮಿ ಅವರೇ, ಕನ್ನಡ ಸಿನಿಮಾದ ಸ್ಟಿಲ್‌ನಲ್ಲಿ ಚೆಲ್ಲಾಟವಾಡುವ ನಾಯಕಿ ಅವರೇ, ಪತ್ರಿಕೆಯ ಅಪರಾಧ ಸುದ್ದಿಯ ಕಳ್ಳಿಯೂ ಅವರೇ. ಚೌಕುಳಿ ಹಲಗೆಯ ಮುಂದೆ ನಿಂತು ಅಳೆಸಿಕೊಳ್ಳುವ ಬುಡಕಟ್ಟಿನ ಹೆಣ್ಣೂ ಅವರೇ. ನಗು ಬರುತ್ತದೆ. ಸ್ವಲ್ಪ ಹೊತ್ತಿಗೆ, ನಾವೂ ಇಂಥ ಎಷ್ಟು ವೇಷ ತೊಟ್ಟು ನಿಂತಿದ್ದೇವೆ ಎಂದು ಎಣಿಸತೊಡಗುತ್ತೇವೆ. ಆದರೂ ಒಂದು ಮಾತು ಹೇಳಬೇಕು. ಈ ವ್ಯಂಗ್ಯ ಪೂರ್ತಿ ದಕ್ಕಬೇಕಾದರೆ ಮೂಲಚಿತ್ರಗಳ ಪರಿಚಯವಿರಬೇಕು. ಲಕ್ಷ್ಮಿಯನ್ನು ಕ್ಯಾಲೆಂಡರಿನಲ್ಲಿ ಕಂಡವರು ಗುರುತಿಸುತ್ತಾರೆ, ಚೌಕುಳಿ ಹಲಗೆಯ ಕಥೆ ಬಲ್ಲವರು ಕಡಿಮೆ. ಗೌರಿಯವರ ಗುಡಾರಕ್ಕೆ ಅಂಥ ಪ್ರವೇಶಪರೀಕ್ಷೆ ಇಲ್ಲ.

ಆ ಗುಡಾರ ಒಂದು ದಿನದ ಹೊಳಹಲ್ಲ. 1999ರಲ್ಲಿ ಹಳ್ಳಿಶಾಲೆಯೊಂದರಲ್ಲಿ ಹುಡುಗಿಯೊಬ್ಬಳಿಗೆ ಏಟು ಬೀಳುವುದನ್ನು ಕಂಡು ಗೌರಿ ಹಳ್ಳಿಶಾಲೆಗಳ ಬಗ್ಗೆ ಚಿತ್ರಲೇಖನ ಮಾಡಲು ಹೊರಟಿದ್ದರು. ಪತ್ರಿಕೆಯವರಿಗೆ ಅದರಲ್ಲಿ ಸುದ್ದಿ ಕಾಣಲಿಲ್ಲ. ಅವರು ತಾವಾಗಿಯೇ ಹೋಗತೊಡಗಿದರು, ವರ್ಷ ವರ್ಷವೂ ಹೋದರು. ಪರಿಚಯ ಸ್ನೇಹವಾಯಿತು. ಎಷ್ಟರಮಟ್ಟಿಗೆಂದರೆ ಕಸುಂಬಿ ದಾಯಿ ಎಂಬ ಸೂಲಗಿತ್ತಿ, ತನ್ನ ಮನೆಯದೇ ಹೆರಿಗೆಗೆ ಬಂದು ಫೋಟೋ ತೆಗೆ ಎಂದು ಇವರನ್ನು ಕರೆದಳು. ಅಂಥ ಕರೆ ಗಂಡು ಛಾಯಾಗ್ರಾಹಕನಿಗೆ ಬಂದೀತೆ? ಹೆಂಗಸಾದ ಮಾತ್ರಕ್ಕೂ ಬರುವುದಿಲ್ಲ ಅನ್ನಿ, ಪಟ್ಟಣದಿಂದ ಒಂದು ದಿನಕ್ಕೆ ಬಂದುಹೋಗುವವಳನ್ನು ಸೂಲಗಿತ್ತಿಯರು ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಮರುಭೂಮಿಯ ಈ ಚಿತ್ರಗಳಿಗೆ 2023ರಲ್ಲಿ ಪ್ರಿ ಪಿಕ್ಟೆ ಎಂಬ ಅಂತರರಾಷ್ಟ್ರೀಯ ಬಹುಮಾನ ಬಂತು. ಮೊತ್ತ ಒಂದು ಲಕ್ಷ ಸ್ವಿಸ್ ಫ್ರಾಂಕ್. ಘೋಷಣೆಯಾದದ್ದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ. ಸಂತೋಷವೇ. ಆದರೆ ಇಲ್ಲಿ ನನಗೆ ಒಂದು ಮುಳ್ಳು ಚುಚ್ಚುತ್ತದೆ. ಜಾತ್ರೆಯಲ್ಲಿ ಗೆಳತಿಯ ಕೈಹಿಡಿದು ನಿಂತ ಹುಡುಗಿಯ ಲೆಕ್ಕದಲ್ಲಿ ಆ ಚಿತ್ರ ತೂಗಬೇಕಾದದ್ದು ಅವಳ ಮನೆಯ ಗೋಡೆಯ ಮೇಲೆ. ಅದೇ ಚಿತ್ರ ಗ್ಯಾಲರಿಯ ಗೋಡೆಯಲ್ಲಿ ಬೇರೆಯವರ ಸ್ವತ್ತಾದಾಗ, 'ತೆಗೆಸಿಕೊಂಡದ್ದು' ಮತ್ತೆ 'ತೆಗೆದದ್ದು' ಆಗಿಬಿಡುವುದಿಲ್ಲವೆ? ಥಾಂಪ್ಸನ್ ತಾಯಿಯ ಕಹಿ ಇಲ್ಲಿಗೂ ಬರಬಹುದಲ್ಲ? ಹದಿಮೂರರ ಹುಡುಗಿ ಕೊಟ್ಟ ಒಪ್ಪಿಗೆ ಮೂವತ್ತೈದರ ಹೆಂಗಸಿನ ಮೇಲೆ ಎಷ್ಟು ದೂರ ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ಗೌರಿಯವರ ಒಳ್ಳೆಯತನವೊಂದೇ ಪರಿಹರಿಸಲಾರದು. ಅವರ ಚಿತ್ರಗಳನ್ನು ಹೊಗಳಿ ಬರೆಯುವವರು ಈ ಪ್ರಶ್ನೆಯ ಪಕ್ಕದಿಂದ ಮೆಲ್ಲಗೆ ಸರಿದುಹೋಗುತ್ತಾರೆ, ಅದು ನನಗೆ ಸರಿಬರುವುದಿಲ್ಲ.

ಗೌರಿಯವರ ಪರವಾಗಿ ಹೇಳಲು ಇರುವ ಗಟ್ಟಿ ಮಾತೆಂದರೆ ಅವರು ಕ್ಯಾಮೆರಾವನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಲಿಲ್ಲ. ಆಮೇಲಿನ ವರ್ಷಗಳಲ್ಲಿ ಮಹಾರಾಷ್ಟ್ರದ ವಾರ್ಲಿ ಕಲಾವಿದ ರಾಜೇಶ್ ವಾಂಗಡ್ ಅವರ ಜೊತೆ ಮಾಡಿದ ಚಿತ್ರಗಳಲ್ಲಿ, ಫೋಟೋ ಗೌರಿಯವರದು, ಅದರ ಮೇಲೆ ತಮ್ಮೂರಿನ ಕಥೆಯನ್ನು ಗೆರೆಗಳಲ್ಲಿ ತುಂಬಿದವರು ರಾಜೇಶ್. ಕೃತಿಗೆ ಇಬ್ಬರ ಹೆಸರೂ ಇದೆ. ಲೂಣ್‌ಕರಣ್‌ಸರ್‌ನಲ್ಲಿ ಇದು ಇನ್ನೂ ಮೊದಲೇ ನಡೆದಿತ್ತು. ಮೇಳ ನಡೆದ ವರ್ಷವೇ ಅಲ್ಲಿ ಫೋಟೋ ಶಿಬಿರ ಶುರುವಾಯಿತು, ಗುಡಾರದಲ್ಲಿ ನಿಂತಿದ್ದ ಕೆಲವು ಹುಡುಗಿಯರು ಬಂದು ಕ್ಯಾಮೆರಾ ಹಿಡಿಯುವುದನ್ನು ಕಲಿತರು. 2010ರಲ್ಲಿ ಗೌರಿ ಮತ್ತೆ ಮೇಳಕ್ಕೆ ಹೋಗಿ ಬಣ್ಣದಲ್ಲಿ ಚಿತ್ರಗಳನ್ನು ತೆಗೆದಿದ್ದಾರೆ. ನನಗೆ ಅವು ಕಪ್ಪು ಬಿಳುಪಿನಷ್ಟು ಹಿಡಿಸಲಿಲ್ಲ, ಬಟ್ಟೆಯ ಬಣ್ಣವೇ ಮುಖಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ನನಗೆ ಹೆಚ್ಚು ಕುತೂಹಲವಿರುವುದು ಈ ಎರಡರ ನಡುವೆ ಆದದ್ದರ ಬಗ್ಗೆ. ಮೊದಲ ಮೇಳವಾದ ಎರಡು ವರ್ಷಕ್ಕೆ, ಕಲಿತ ಹುಡುಗಿಯರು ಜಾತ್ರೆಯ ಫೋಟೋಗಳನ್ನು ತಾವೇ ತೆಗೆದರು. ಅವರ ಮುಂದೆ ನಿಂತ ಹುಡುಗಿಯರು ನಕ್ಕರೋ ಇಲ್ಲವೋ, ನೋಡಬೇಕು.