ಕೃಷ್ಣಸಂಧಾನದ ಧರ್ಮರಾಯ

ಜಾಲಿ, ಭಟ್ಕಳ, ಹೊನ್ನಾವರ, ಕುಮಟೆಗಳ ಸೀಮೆಯ ತಾಳಮದ್ದಳೆಯ ರಸಿಕರಿಗೆ ‘ಕೃಷ್ಣಸಂಧಾನ’ವು ಚಿರಪರಿಚಿತವಾದ ಪ್ರಸಂಗ. ಭೀಮನ ಆರ್ಭಟೆಗೂ ದ್ರೌಪದಿಯ ಬಿಚ್ಚುಮುಡಿಯ ಮಾತಿಗೂ ತಲೆದೂಗುವ ಸಭೆಯು, ಐದು ಗ್ರಾಮಗಳು ಸಾಕೆಂಬ ಧರ್ಮರಾಯನ ನುಡಿಗೆ ಮುಗುಳ್ನಗುವುದುಂಟು. ಅರ್ಥಧಾರಿಗಳಲ್ಲಿ ಕೆಲವರು ಅವನನ್ನು ಯುದ್ಧಭೀರುವೆಂದೇ ಚಿತ್ರಿಸುವರು. ಇದು ಪಾತ್ರಕ್ಕೆ ನ್ಯಾಯವೆ?

ಬಲಾತ್ಕಾರಕ್ಕೆ ಮಣಿದ ಸಂಧಿಯ ಗತಿಯನ್ನರಿಯಲು ನಾವು ದೂರ ಹೋಗಬೇಕಾಗಿಲ್ಲ. 1502ರಲ್ಲಿ ವಾಸ್ಕೋ ಡ ಗಾಮನ ನೌಕೆಗಳು ಭಟ್ಕಳಕ್ಕೆ ಬಂದಾಗ, ವರ್ಷಕ್ಕೆ 1000 ಹೇರು ಸಾಮಾನ್ಯ ಅಕ್ಕಿಯನ್ನೂ 500 ಹೇರು ಉತ್ತಮ ಅಕ್ಕಿಯನ್ನೂ ಕೊಡಲು ಇಲ್ಲಿಯ ಅರಸನು ಒಪ್ಪಿದನೆಂದು ಪೋರ್ತುಗೀಜ ಚರಿತ್ರಕಾರರು ಬರೆದಿದ್ದಾರೆ. ಮೆಣಸಿನ ವ್ಯಾಪಾರವನ್ನೂ ಕಲ್ಲಿಕೋಟೆಯ ಹಾದಿಯನ್ನೂ ಬಿಡಬೇಕೆಂಬುದು ಅದರೊಡನಿದ್ದ ಕರಾರು. ಊರು ಆಗ ಉಳಿಯಿತು. ಆದರೆ ಕಪ್ಪವು ಬಾಕಿಯಾದ ಕಾರಣಕ್ಕಾಗಿ 1542ರಲ್ಲಿ ಗವರ್ನರ ಮಾರ್ಟಿಂ ಅಫೊನ್ಸೊ ಡಿ ಸೋಜನು ಅದೇ ಊರನ್ನು ಸೂರೆಮಾಡಿ ಸುಟ್ಟನು. ಅಕ್ಕಿಯಿಂದ ದೊರೆತುದು ಕಾಲಾವಕಾಶ ಮಾತ್ರ, ಅಭಯವಲ್ಲ. ಆದರೂ ಆ ಅರಸನನ್ನು ಹಳಿಯಲಾಗದು. ತೋಪಿನ ಹಡಗುಗಳಿಗೆ ಇದಿರು ನಿಲ್ಲುವ ನೌಕಾಬಲವು ಅವನಲ್ಲಿರಲಿಲ್ಲ.

ಬಲವುಳ್ಳವರೂ ಹೀಗೆ ನಡೆದುದುಂಟು. 1938ರಲ್ಲಿ ಮ್ಯೂನಿಕ್ಕಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ಗಳು ಜೆಕೊಸ್ಲೊವಾಕಿಯದ ಸುಡೆಟನ್ ಸೀಮೆಯನ್ನು, ಆ ದೇಶದವರನ್ನು ಮಾತುಕತೆಗೆ ಕೂಡಿಸಿಕೊಳ್ಳದೆಯೇ, ಹಿಟ್ಲರನಿಗೆ ಬಿಟ್ಟುಕೊಟ್ಟವು. 1939ರ ಮಾರ್ಚಿನಲ್ಲಿ ಪ್ರಾಗ್ ನಗರವೂ ಅವನ ವಶವಾಯಿತು. ಸೆಪ್ಟೆಂಬರಿನಲ್ಲಿ ಮಹಾಯುದ್ಧವೇ ಹೊತ್ತಿತು.

ಧರ್ಮರಾಯನು ಈ ಎರಡೂ ಬಗೆಗೆ ಸೇರಿದವನಲ್ಲ. ಅವನು ಬಿಟ್ಟುಕೊಡಲೊಪ್ಪಿದ್ದು ಪರರ ನೆಲವನ್ನಲ್ಲ, ತನ್ನ ಪಾಲನ್ನು. ಅವನ ಬೆನ್ನಿಗೆ ಏಳು ಅಕ್ಷೋಹಿಣಿ ಸೈನ್ಯವಿದೆ. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದು ದುರ್ಯೋಧನನು ನುಡಿದ ಮೇಲೆ ಅವನು ಐದನ್ನು ನಾಲ್ಕಕ್ಕೆ ಇಳಿಸುವುದಿಲ್ಲ. ಬಿಡುವುದಕ್ಕೆ ಎಲ್ಲೆಯನ್ನು ಮೊದಲೇ ಕಂಡುಕೊಂಡವನ ತಾಳ್ಮೆಯು ಅಂಜಿಕೆಯಾಗದು.

ಹೀಗಿದ್ದರೂ ಒಂದು ತೊಡಕು ಉಳಿಯುತ್ತದೆ. ರಾಜ್ಯವು ಧರ್ಮರಾಯನದಾದರೂ ಸಭೆಯಲ್ಲಿ ಆದ ಅವಮಾನವು ದ್ರೌಪದಿಯದು. ಅದನ್ನು ಐದು ಗ್ರಾಮಗಳಿಗೆ ಸರಿದೂಗಿಸಲು ಅವನಿಗೆ ಅಧಿಕಾರವೆಲ್ಲಿ? ಪ್ರಸಂಗದ ಜೀವಾಳವಿರುವುದು ಈ ಪ್ರಶ್ನೆಯಲ್ಲಿ. ಧರ್ಮರಾಯನನ್ನು ಪುಕ್ಕಲನನ್ನಾಗಿ ಮಾಡಿದ ಅರ್ಥಧಾರಿಯು ಸಭೆಯಿಂದ ನಗೆಯನ್ನು ಪಡೆದಾನು. ಆದರೆ ದ್ರೌಪದಿಗೆ ಸಮಾನನಾದ ಪ್ರತಿವಾದಿಯೇ ಇಲ್ಲದಂತಾಗುವುದು. ಶಾಂತಿಯ ಪಕ್ಷವು ಸಬಲವಾಗಿ ನುಡಿದಾಗಲೇ ಅವಳ ಪ್ರಶ್ನೆಯ ತೂಕ ತಿಳಿಯುವುದು. ನಮ್ಮ ಕಲಾವಿದರು ಇದನ್ನು ಗಮನಿಸುವರೆಂದು ನಂಬುತ್ತೇವೆ.